ಹೊಗೆಗೂಡಿನೊಳಗೆ ಮಿರಿಮಿರಿ ಕಪ್ಪು ಪದರ: ಈ ಚಳಿಗಾಲ ಅಗ್ಗಿಷ್ಟಿಕೆ ಹೊತ್ತಿಸಬಹುದೇ?

ಮೇಪಲ್‌ಮನೆ (ಮ್ಯಾಸಚೂಸೆಟ್ಸ್)

ಹೊಸದಾಗಿ ಕೊಂಡ ಹಳೆಯ ಮನೆ, ಇಟ್ಟಿಗೆಯ ಅಗ್ಗಿಷ್ಟಿಕೆ. ಬಾಯಿ 36 ಇಂಚು ಅಗಲ, 28 ಇಂಚು ಎತ್ತರ. ಹೊಗೆಗೂಡು ಹೊರಗೋಡೆಗೆ ಅಂಟಿಕೊಂಡಿದೆ. ಒಳಗೆ ಸುಟ್ಟಮಣ್ಣಿನ ಟೈಲ್, ಅದರ ಒಳ ಅಳತೆ 7×11 ಇಂಚು.

ತೊಂದರೆ ಮೂರು. ಬೆಂಕಿ ಹಚ್ಚಿದ ಮೊದಲ ಹತ್ತು ನಿಮಿಷ ಹೊಗೆಯೆಲ್ಲ ಕೋಣೆಗೇ ಬರುತ್ತದೆ. ಚೆನ್ನಾಗಿ ಹತ್ತಿಕೊಂಡ ಮೇಲೂ ಬಾಯಿಯ ಮೇಲಂಚಿನಿಂದ ಸ್ವಲ್ಪ ಸ್ವಲ್ಪ ಸೋರುತ್ತಲೇ ಇರುತ್ತದೆ. ಡ್ಯಾಂಪರ್ (ಹೊಗೆಗೂಡಿನ ಬಾಯಿ ಮುಚ್ಚುವ ತಗಡು) ತೆಗೆದು ಟಾರ್ಚ್ ಬಿಟ್ಟರೆ ಒಂದು ಕಡೆ ಮುಟ್ಟಿದರೆ ಉದುರುವ ಮಸಿ, ಇನ್ನೊಂದು ಕಡೆ ಡಾಂಬರು ಬಳಿದಂತೆ ಹೊಳೆಯುವ ಗಟ್ಟಿ ಪದರ. ಸೌದೆ ಓಕ್, ಸೆಪ್ಟೆಂಬರಿನಲ್ಲಿ ತರಿಸಿದ್ದು. ಮಾರುವವರು ಒಣಗಿದ್ದು ಎಂದೇ ಕೊಟ್ಟಿದ್ದಾರೆ.

ಬ್ರಷ್ ತಂದು ನಾವೇ ಉಜ್ಜಿದರೆ ಸಾಕೇ, ವೃತ್ತಿಯವರನ್ನೇ ಕರೆಸಬೇಕೇ?

ಕೆಂಡಸಂಪಿಗೆ (ವರ್ಮಾಂಟ್)

ಹೊಳೆಯುವ ಪದರ ಕಂಡಿದೆ ಅಂದಮೇಲೆ ಮೊದಲ ಮಾತು: ಒಳಗೆ ಕ್ಯಾಮೆರಾ ಬಿಟ್ಟು ನೋಡಿಸುವ ತನಕ ಒಂದು ಕಡ್ಡಿಯನ್ನೂ ಗೀರಬೇಡಿ.

ಊರ ಕಡೆ ಅಡುಗೆಮನೆಯ ಸೂರಿನಲ್ಲಿ ಜೋತಾಡುವ ಇಲ್ಲಣ ನೋಡಿದವರಿಗೆ ಇದೂ ಅದೇ ಅನ್ನಿಸುತ್ತದೆ. ಅಲ್ಲ. ಇಲ್ಲಣ ಬಹುಪಾಲು ಇಂಗಾಲದ ಪುಡಿ. ನಿಮ್ಮ ಹೊಗೆಗೂಡಿನಲ್ಲಿರುವುದು ಕ್ರಿಯೋಸೋಟ್, ಅಂದರೆ ಉರಿಯದೆ ಉಳಿದ ಸೌದೆಯ ಆವಿ ತಣ್ಣನೆಯ ಗೋಡೆಗೆ ತಾಗಿ ಗಟ್ಟಿಯಾದದ್ದು. ಹೊಗೆ ಸುಮಾರು 120 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿದರೆ ಈ ಕೆಲಸ ಶುರು. ಅದು ಮತ್ತೆ ಉರಿಯಬಲ್ಲ ವಸ್ತು, ಅದೇ ಅಪಾಯ.

ಅದಕ್ಕೆ ಮೂರು ರೂಪ. ಮೊದಲನೆಯದು ಹುಡಿಹುಡಿ, ಬ್ರಷ್ ಆಡಿಸಿದರೆ ಬೀಳುತ್ತದೆ. ಎರಡನೆಯದು ಸುಟ್ಟ ಹಪ್ಪಳದ ಚೂರಿನಂತೆ ಗರಿಗರಿ, ಹೊಳಪಿನ ಚಕ್ಕೆ. ಗಟ್ಟಿ ಬ್ರಷ್ಷೋ ಡ್ರಿಲ್‌ಗೆ ಸಿಗಿಸುವ ತಿರುಗು ಬ್ರಷ್ಷೋ ಬೇಕು. ಮೂರನೆಯದು ಗಾಜಿನಂತೆ ಮಡುಗಟ್ಟಿದ ಟಾರು. ಅದರ ಮೇಲೆ ಬ್ರಷ್ ಜಾರುತ್ತದೆಯೇ ಹೊರತು ಏನೂ ಕೀಳುವುದಿಲ್ಲ, ತಿಕ್ಕಿದಷ್ಟೂ ಪಾಲಿಶ್ ಆಗುತ್ತದೆ. ನಿಮ್ಮದು ಇದೇ. ಇದನ್ನು ರಾಸಾಯನಿಕ ಲೇಪದಿಂದ ಮೆದುಗೊಳಿಸಿಯೋ ತಿರುಗುವ ಸರಪಳಿಯಿಂದ ಹೊಡೆದೋ ತೆಗೆಯುತ್ತಾರೆ. ಸರಪಳಿ ಅಳತೆ ತಪ್ಪಿದರೆ ಟೈಲೇ ಒಡೆಯುತ್ತದೆ, ಹಾಗಾಗಿ ಇದು ಮನೆಯವರು ಕೈಹಾಕುವ ಕೆಲಸವಲ್ಲ.

ಇಲ್ಲಿನ ಅಗ್ನಿ ಸುರಕ್ಷತಾ ಸಂಸ್ಥೆಯ ಎನ್‌ಎಫ್‌ಪಿಎ 211 ಮಾನದಂಡದ ಪ್ರಕಾರ ವರ್ಷಕ್ಕೆ ಒಮ್ಮೆಯಾದರೂ ತಪಾಸಣೆ ಆಗಬೇಕು. ಅದರಲ್ಲಿ ಮೂರು ಹಂತಗಳಿವೆ. ಮನೆ ಕೈ ಬದಲಾಯಿಸಿದಾಗ, ಒಲೆ ಬದಲಿಸಿದಾಗ, ಹೊಗೆಗೂಡಿಗೆ ಬೆಂಕಿ ಬಿದ್ದ ಅನುಮಾನ ಇದ್ದಾಗ ಎರಡನೇ ಹಂತ, ಕ್ಯಾಮೆರಾ ಇಳಿಸಿ ನೋಡುವುದು. ಮನೆ ಹೊಸದಾಗಿ ಕೊಂಡದ್ದರಿಂದ ನಿಮಗೆ ಹೇಗೂ ಅದು ಬೇಕೇ ಬೇಕು. ಹುಡಿಮಸಿಯಾದರೂ ಸರಿ, ದಪ್ಪ 3 ಮಿ.ಮೀ. ಮುಟ್ಟಿದರೆ ಗುಡಿಸುವ ಹೊತ್ತು. ಹೊಳಪಿನ ಪದರಕ್ಕೆ ಆ 3 ಮಿ.ಮೀ. ರಿಯಾಯಿತಿಯೂ ಇಲ್ಲ.

ಬಾಯ್ಲರ್ ಭಟ್ಟ (ಮಿನಿಯಾಪೊಲಿಸ್)

ತಪಾಸಣೆಗೆ ಬಂದವರಿಗೆ ಹಿಂದೆ ಬೆಂಕಿ ಬಿದ್ದಿತ್ತೇ ಎಂದು ಕೇಳಿ. ಗುರುತುಗಳು ಸ್ಪಷ್ಟ: ಜೇನುಗೂಡಿನಂತೆ ಉಬ್ಬಿ ಪೊಳ್ಳಾದ ಕ್ರಿಯೋಸೋಟ್, ಸೊಟ್ಟಗಾದ ಡ್ಯಾಂಪರ್ ತಗಡು, ಉದ್ದಕ್ಕೆ ಸೀಳಿದ ಟೈಲ್, ತುದಿಯ ಟೋಪಿಯ ಬಣ್ಣ ಬದಲಾದದ್ದು. ಹೊಗೆಗೂಡಿನ ಬೆಂಕಿ 1100 ಡಿಗ್ರಿ ಸೆಲ್ಸಿಯಸ್‌ವರೆಗೂ ಹೋಗುತ್ತದೆ. ಟೈಲ್‌ನ ಒಳಮೈ ಒಮ್ಮೆಲೇ ಹಿಗ್ಗಿ, ಹೊರಮೈ ತಣ್ಣಗೇ ಉಳಿದು ಸೀಳು ಬರುತ್ತದೆ. ಮುಂದಿನ ಬೆಂಕಿ ಆ ಸೀಳಿನಿಂದ ಗೋಡೆಯ ಮರಕ್ಕೆ ದಾರಿ ಹುಡುಕುತ್ತದೆ. ಎಷ್ಟೋ ಸಲ ಗಾಳಿ ಸಾಲದೆ ಅದು ಸದ್ದಿಲ್ಲದೆ ಉರಿದು ಆರಿಹೋಗಿರುತ್ತದೆ, ಮನೆಯವರಿಗೆ ಗೊತ್ತೇ ಆಗಿರುವುದಿಲ್ಲ.

ಗೊತ್ತಾಗುವಂಥದ್ದಾದರೆ ರೈಲು ಹೋದಂಥ ಸದ್ದು ಬರುತ್ತದೆ, ಕೊಳವೆ ನಡುಗುತ್ತದೆ. ಆಗ ಎಲ್ಲರನ್ನೂ ಹೊರಗೆ ಕಳಿಸಿ 911ಕ್ಕೆ ಕರೆ ಮಾಡಿ. ಬಾಗಿಲಿರುವ ಒಲೆಯಾದರೆ ಹೊರಡುವಾಗ ಗಾಳಿಕಿಂಡಿ ಮುಚ್ಚಿ. ಮೇಲಿನಿಂದ ನೀರು ಸುರಿಯುವ ಯೋಚನೆ ಬೇಡ. ಕಾದ ಟೈಲ್ ಸಿಡಿಯುತ್ತದೆ, ಉಗಿ ಕೆಳಗೆ ನುಗ್ಗುತ್ತದೆ.

ಊದುಗೊಳವೆ (ಟೊರಾಂಟೊ)

ಹೊಗೆ ಸೋರುವ ವಿಷಯಕ್ಕೆ ಬರೋಣ. ಮೇಪಲ್‌ಮನೆಯವರು ಅಳತೆ ಕೊಟ್ಟದ್ದು ಒಳ್ಳೆಯದಾಯಿತು. ಇಲ್ಲಿ ಬೇರೆಬೇರೆ ಎರಡು ಕಾಯಿಲೆಗಳಿವೆ.

ಮೊದಲ ಹತ್ತು ನಿಮಿಷದ ಹೊಗೆಗೆ ಕಾರಣ ತಣ್ಣನೆಯ ಹೊಗೆಗೂಡು. ಹೊರಗೋಡೆಗಿರುವುದರಿಂದ ಮೂರು ಕಡೆ ಹಿಮಗಾಳಿ. ಒಳಗಿನ ತಣ್ಣನೆ ಗಾಳಿ ಭಾರವಾಗಿ ಕೆಳಗೇ ಕೂತಿರುತ್ತದೆ, ಬೆಂಕಿ ಅದನ್ನು ತಳ್ಳಬೇಕು. ಡ್ಯಾಂಪರ್ ಪೂರ್ತಿ ತೆಗೆದು, ಎರಡು ಹಾಳೆ ಕಾಗದ ಸುರುಳಿ ಸುತ್ತಿ ಹೊತ್ತಿಸಿ, ಡ್ಯಾಂಪರ್ ಬಾಯಿಯ ಹತ್ತಿರ ಒಂದೆರಡು ನಿಮಿಷ ಹಿಡಿಯಿರಿ. ಜ್ವಾಲೆ ಮೇಲಕ್ಕೆ ವಾಲಿದರೆ ಸೆಳೆತ ತಿರುಗಿತು ಎಂದರ್ಥ. ಆಮೇಲೆ ಸೌದೆಯನ್ನು ತಲೆಕೆಳಗಾಗಿ ಜೋಡಿಸಿ: ದಪ್ಪ ತುಂಡು ಅಡಿಯಲ್ಲಿ, ಅದರ ಮೇಲೆ ಕೈಗಾತ್ರದ ಸೀಳು, ಎಲ್ಲಕ್ಕಿಂತ ಮೇಲೆ ಪುಳ್ಳೆ. ಮೇಲಿನಿಂದ ಹಚ್ಚಿ. ನಮ್ಮ ಒಲೆಯ ರೂಢಿಗೆ ಇದು ಉಲ್ಟಾ ಕಾಣುತ್ತದೆ, ಆದರೆ ಅಡಿಯ ಸೌದೆಯಿಂದ ಏಳುವ ಹೊಗೆ ಜ್ವಾಲೆಯನ್ನು ಹಾದೇ ಹೋಗಬೇಕಾಗುವುದರಿಂದ ಅಲ್ಲೇ ಉರಿದುಹೋಗುತ್ತದೆ, ಹೊಗೆಗೂಡೂ ಬೇಗ ಬಿಸಿಯಾಗುತ್ತದೆ.

ಅಡುಗೆಮನೆಯ ಎಕ್ಸಾಸ್ಟ್, ಬಟ್ಟೆ ಒಣಗಿಸುವ ಯಂತ್ರ ಎರಡೂ ನಿಂತಿರಲಿ. ಬಿಗಿಯಾದ ಮನೆಯಲ್ಲಿ ಅವು ಹೊರದೂಡುವ ಗಾಳಿಗೆ ಬದಲಾಗಿ ಹೊಗೆಗೂಡಿನಿಂದಲೇ ಗಾಳಿ ಒಳಗೆ ಇಳಿಯುತ್ತದೆ. ಅಗ್ಗಿಷ್ಟಿಕೆ ಇರುವ ಕೋಣೆಯ ಕಿಟಕಿ ಒಂದಿಂಚು ತೆರೆದು ನೋಡಿ. ಹೊಗೆ ನಿಂತರೆ ಕಾರಣ ಅದೇ.

ಎರಡನೆಯದು, ಬಿಸಿಯಾದ ಮೇಲೂ ಸೋರುವುದು. ಅದು ಅಳತೆಯ ದೋಷ. ನಿಮ್ಮ ಬಾಯಿ 36×28, ಅಂದರೆ 1008 ಚದರ ಇಂಚು. ಚೌಕಾಕಾರದ ಕೊಳವೆಗೆ ಹತ್ತನೇ ಒಂದು ಭಾಗ ಬೇಕು, ಸುಮಾರು 101. ದುಂಡು ಕೊಳವೆಯಾದರೆ ಹನ್ನೆರಡನೇ ಒಂದು ಸಾಕು, ಮೂಲೆಗಳಲ್ಲಿ ಸುಳಿಯುವ ಹೊಗೆ ಅದರಲ್ಲಿಲ್ಲ. ನಿಮ್ಮಲ್ಲಿರುವುದು 77. ಇಪ್ಪತ್ತನಾಲ್ಕು ಚದರ ಇಂಚು ಕೊರತೆ. ಹೊಗೆಗೂಡು ಹಿಗ್ಗಿಸಲಾಗದು, ಬಾಯಿಯನ್ನು ತಗ್ಗಿಸಬಹುದು. ಬಾಯಿಯ ಮೇಲಂಚಿಗೆ 6 ಇಂಚು ಎತ್ತರದ ಲೋಹದ ಪಟ್ಟಿ ಕೂರಿಸಿದರೆ 36×22, 792. ಅದರ ಹತ್ತನೇ ಒಂದು 79, ನಿಮ್ಮ 77ಕ್ಕೆ ಸಾಕಷ್ಟು ಹತ್ತಿರ. ಮೊದಲು ಅಷ್ಟೇ ಎತ್ತರದ ತಗಡೊಂದನ್ನು ಬೆಂಕಿ ಹಚ್ಚುವ ಮುಂಚೆ ಒತ್ತಿ ನಿಲ್ಲಿಸಿ ಪರೀಕ್ಷಿಸಿ, ಆಮೇಲೆ ಕಾಯಂ ಮಾಡಿ.

ಇನ್ನೊಂದು ನೋಟ ಮಾಡಿನ ಮೇಲೆ. ಹೊಗೆಗೂಡು ಮಾಡನ್ನು ಸೀಳಿ ಬಂದ ಜಾಗದಿಂದ ಕನಿಷ್ಠ 3 ಅಡಿ ಎತ್ತರ ಇರಬೇಕು; 10 ಅಡಿ ದೂರದೊಳಗಿನ ಯಾವುದೇ ಮಾಡು, ಗೋಡೆಗಿಂತ 2 ಅಡಿ ಮೇಲಿರಬೇಕು. ಇಲ್ಲದಿದ್ದರೆ ಗಾಳಿ ಬೀಸಿದ ದಿನ ಮಾತ್ರ ಹೊಗೆ ಹಿಂದಿರುಗುತ್ತದೆ.

ಮೇಪಲ್‌ಮನೆ

ಧನ್ಯವಾದ. ಪಟ್ಟಿಯ ಲೆಕ್ಕ ಸ್ಪಷ್ಟವಾಯಿತು. ಹೊಳಪಿನ ಪದರ ವೃತ್ತಿಯವರು ತೆಗೆದ ಮೇಲೆ, ಮುಂದಿನ ವರ್ಷಗಳಲ್ಲಿ ಹುಡಿಮಸಿಯನ್ನಾದರೂ ನಾವೇ ಗುಡಿಸಬಹುದೇ? ಯಾವ ಬ್ರಷ್?

ಬಾಯ್ಲರ್ ಭಟ್ಟ

ಗುಡಿಸಬಹುದು. ಟೈಲ್‌ಗೆ ಉಕ್ಕಿನ ತಂತಿಯ ಬ್ರಷ್, ಸ್ಟೇನ್‌ಲೆಸ್ ಕೊಳವೆಗೆ ಪಾಲಿಪ್ರೊಪಿಲೀನ್ ಬ್ರಷ್. ಸ್ಟೇನ್‌ಲೆಸ್ ಮೇಲೆ ಉಕ್ಕಿನ ತಂತಿ ಆಡಿಸಿದರೆ ಗೀರು ಬಿದ್ದು, ಅಲ್ಲಿ ಉಳಿದ ಉಕ್ಕಿನ ಕಣದಿಂದ ತುಕ್ಕು ಶುರುವಾಗುತ್ತದೆ. ಅಳತೆ ಕೊಳವೆಯ ಒಳ ಅಳತೆಯಷ್ಟೇ ಇರಲಿ. ಬ್ರಷ್ ತುಸು ಬಿಗಿಯಾಗಿಯೇ ಹೋಗಬೇಕು.

ಕೆಲಸದ ಕ್ರಮ ಹೀಗೆ. ಕೊನೆಯ ಬೆಂಕಿ ಆರಿ ಕನಿಷ್ಠ ಎರಡು ದಿನ ಆಗಿರಲಿ. ಬೂದಿ ತೆಗೆದು, ಅಗ್ಗಿಷ್ಟಿಕೆಯ ಬಾಯಿಗೆ ದಪ್ಪ ಪ್ಲಾಸ್ಟಿಕ್ ಹಾಳೆ ಅಂಟಿಸಿ, ನಡುವೆ ಸಲಾಕೆ ಹೋಗುವಷ್ಟೇ ಸೀಳು ಬಿಡಿ. ಫೈಬರ್ ಸಲಾಕೆಗಳನ್ನು ಒಂದೊಂದಾಗಿ ಜೋಡಿಸುತ್ತ ಮೇಲಕ್ಕೆ ತಳ್ಳಿ. ಪ್ರತಿ ಸಲಾಕೆಯ ಉದ್ದಕ್ಕೂ ನಾಲ್ಕೈದು ಸಲ ಮೇಲೆ ಕೆಳಗೆ ಆಡಿಸಿ ಮುಂದೆ ಹೋಗಿ. ಎಷ್ಟು ಸಲಾಕೆ ಹಾಕಿದಿರಿ ಎಂದು ಎಣಿಸಿ, ಇಳಿಸುವಾಗ ಲೆಕ್ಕ ತಾಳೆಯಾಗಬೇಕು.

ಬಹಳ ಜನ ಬಿಡುವ ಜಾಗ ಡ್ಯಾಂಪರ್ ಹಿಂದಿನ ಹೊಗೆಕಟ್ಟೆ. ಮೇಲಿನಿಂದ ಬಿದ್ದ ಮಸಿಯಲ್ಲಿ ದೊಡ್ಡ ಪಾಲು ಅಲ್ಲೇ ಕೂರುತ್ತದೆ, ಕೆಳಗೆ ಬರುವುದೇ ಇಲ್ಲ. ಕೈಹಾಕಿ ತೆಗೆಯದಿದ್ದರೆ ಡ್ಯಾಂಪರ್ ಪೂರ್ತಿ ತೆರೆಯದು, ಮಳೆ ನೀರು ಸೇರಿದರೆ ಬೇಸಿಗೆಯಲ್ಲಿ ಮನೆಯಿಡೀ ಸುಟ್ಟ ವಾಸನೆ.

ಮನೆಯ ವ್ಯಾಕ್ಯೂಮ್ ಬಳಸಬೇಡಿ. ಮಸಿಯ ಕಣ ಅದರ ಚೀಲವನ್ನು ದಾಟಿ ಹಿಂದಿನಿಂದ ಕೋಣೆಗೆ ಬರುತ್ತದೆ. ಅತಿ ಸಣ್ಣ ಕಣವನ್ನೂ ಹಿಡಿಯುವ ಹೆಪಾ ಜಾಲರಿ ಇರುವುದೇ ಬೇಕು.

ಕೆಂಡಸಂಪಿಗೆ

ಸಲಾಕೆಯನ್ನು ಯಾವಾಗಲೂ ಬಲಕ್ಕೇ, ಗಡಿಯಾರದ ಮುಳ್ಳಿನ ದಿಕ್ಕಿಗೇ ತಿರುಗಿಸಿ. ಎಡಕ್ಕೆ ಅರ್ಧ ಸುತ್ತು ತಿರುಗಿದರೂ ಮೇಲೆಲ್ಲೋ ಒಂದು ತಿರುಪು ಕಳಚಿ, ಬ್ರಷ್ ಕೊಳವೆಯ ನಡುವೆ ಸಿಕ್ಕಿಹಾಕಿಕೊಳ್ಳುತ್ತದೆ. ಡ್ರಿಲ್ ಬಳಸುವವರು ಹಿಮ್ಮುಖದ ಗುಂಡಿಗೆ ಟೇಪ್ ಅಂಟಿಸಿಬಿಡುವುದು ಒಳ್ಳೆಯದು.

ಮತ್ತೊಂದು ಮಾತು, ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಮಸಿ ಕ್ಯಾನ್ಸರ್ ತರುವ ವಸ್ತು. ಲಂಡನ್ನಿನ ಶಸ್ತ್ರವೈದ್ಯ ಪರ್ಸಿವಲ್ ಪಾಟ್ 1775ರಲ್ಲೇ ಹೊಗೆಗೂಡು ಗುಡಿಸುವವರ ವೃಷಣಚೀಲದ ಕ್ಯಾನ್ಸರಿಗೂ ಮಸಿಗೂ ಇರುವ ನಂಟನ್ನು ಬರೆದಿಟ್ಟ. ಕಸುಬಿನಿಂದ ಕ್ಯಾನ್ಸರ್ ಬರುತ್ತದೆ ಎಂದು ಗುರುತಿಸಿದ ಮೊದಲ ಬರಹಗಳಲ್ಲಿ ಅದೊಂದು. ಆ ಕಾಲದಲ್ಲಿ ನಾಲ್ಕೈದು ವರ್ಷದ ಮಕ್ಕಳನ್ನೂ ಕೊಳವೆಯೊಳಗೆ ಹತ್ತಿಸುತ್ತಿದ್ದರು. ಅದನ್ನು ನಿಜಕ್ಕೂ ನಿಲ್ಲಿಸಿದ್ದು ನೂರು ವರ್ಷದ ಮೇಲೆ, 1875ರ ಕಾಯ್ದೆ. ಸಣ್ಣ ಧೂಳನ್ನೂ ತಡೆಯುವ ಪಿ100 ಮಾಸ್ಕ್, ಕನ್ನಡಕ, ಕೈಗವಸು, ತೋಳು ಮುಚ್ಚುವ ಬಟ್ಟೆ ಹಾಕಿಕೊಂಡೇ ಕೆಲಸ ಮಾಡಿ. ಮುಗಿದ ಕೂಡಲೇ ಸ್ನಾನ, ಬಟ್ಟೆ ಬೇರೆಯಾಗಿ ಒಗೆಯಿರಿ.

ಲೀಡ್ಸ್ ಲಂಬಾಣಿಹಟ್ಟಿ (ಯಾರ್ಕ್‌ಷೈರ್)

ಇಂಗ್ಲೆಂಡಿನಲ್ಲಿರುವವರಿಗೆ ಎರಡು ಮಾತು. ಇಲ್ಲಿ ಸೌದೆ ಉರಿಸುವವರಿಗೆ ಕೊಡುವ ಸಲಹೆ ಬಳಕೆಯಲ್ಲಿರುವಾಗ ಮೂರು ತಿಂಗಳಿಗೊಮ್ಮೆ ಗುಡಿಸಿ ಎಂದು, ಹೊಗೆರಹಿತ ಇಂಧನಕ್ಕೆ ವರ್ಷಕ್ಕೊಮ್ಮೆಯಾದರೂ. ಗುಡಿಸಿದವರಿಂದ ಪ್ರಮಾಣಪತ್ರ ಇಸಿದುಕೊಳ್ಳಿ, ವಿಮೆಯವರು ಕೇಳುತ್ತಾರೆ. 2021ರ ಮೇ ತಿಂಗಳಿನಿಂದ 2 ಘನ ಮೀಟರಿಗಿಂತ ಕಡಿಮೆ ಮಾರುವ ಸೌದೆಯ ತೇವ ಶೇ. 20 ದಾಟುವಂತಿಲ್ಲ, ‘ರೆಡಿ ಟು ಬರ್ನ್’ ಗುರುತು ನೋಡಿ ಕೊಳ್ಳಿ.

ಕಾರ್ಬನ್ ಮಾನಾಕ್ಸೈಡ್ ಅಲಾರಂ ಒಲೆಯಿಂದ 1ರಿಂದ 3 ಮೀಟರ್ ದೂರದಲ್ಲಿರಲಿ. ಸೂರಿಗೆ ಹಾಕುವುದಾದರೆ ಗೋಡೆಯಿಂದ 30 ಸೆಂ.ಮೀ. ಬಿಟ್ಟು ಹಾಕಿ. ಹಿಂಬದಿಯಲ್ಲಿ ಅವಧಿ ಮುಗಿಯುವ ವರ್ಷ ಅಚ್ಚಾಗಿರುತ್ತದೆ. ಬ್ಯಾಟರಿ ಹೊಸದಾದರೂ ಒಳಗಿನ ಸಂವೇದಕ ಸತ್ತಿರಬಹುದು.

ಇಲ್ಲಿನ ಹೊಗೆಗೂಡಿನ ದೊಡ್ಡ ಶತ್ರು ಜ್ಯಾಕ್‌ಡಾ ಕಾಗೆ. ಕಡ್ಡಿ ಮೇಲೆ ಕಡ್ಡಿ ಹಾಕಿ ಕೊಳವೆಯನ್ನು ಅಡಿಗಟ್ಟಲೆ ತುಂಬಿಬಿಡುತ್ತದೆ. ಗೂಡಲ್ಲಿ ಮೊಟ್ಟೆ, ಮರಿ ಇರುವಾಗ ಮುಟ್ಟಿದರೆ 1981ರ ವನ್ಯಜೀವಿ ಕಾಯ್ದೆಯಡಿ ಅಪರಾಧ.

ಬಾಯ್ಲರ್ ಭಟ್ಟ

ಅಮೆರಿಕದಲ್ಲೂ ಹಾಗೇ. ಚಿಮಣಿ ಸ್ವಿಫ್ಟ್ ಹಕ್ಕಿಗೆ 1918ರ ವಲಸೆ ಹಕ್ಕಿ ಕಾಯ್ದೆಯ ರಕ್ಷಣೆ ಇದೆ. ಶರತ್ಕಾಲದಲ್ಲಿ ಅವು ದಕ್ಷಿಣ ಅಮೆರಿಕಕ್ಕೆ ಹಾರುತ್ತವೆ. ಗೂಡು ತೆಗೆದು ಜಾಲರಿ ಟೋಪಿ ಹಾಕಲು ಅದೇ ಸಮಯ. ಜಾಲರಿಯ ಕಣ್ಣು ಅರ್ಧ ಇಂಚಿನ ಆಸುಪಾಸಿರಲಿ. ಸೊಳ್ಳೆಪರದೆಯಷ್ಟು ಸಣ್ಣದು ಹಾಕಿದರೆ ಒಂದೇ ಚಳಿಗಾಲದಲ್ಲಿ ಕ್ರಿಯೋಸೋಟ್ ಮೆತ್ತಿ ಮುಚ್ಚಿಹೋಗುತ್ತದೆ, ಹೊಗೆ ಪೂರಾ ಮನೆಯೊಳಗೆ.

ಇಸಾರ್ ದಂಡೆ (ಮ್ಯೂನಿಕ್)

ಜರ್ಮನಿಯಲ್ಲಿ ಇದು ಮನೆಯವರ ಇಷ್ಟಕ್ಕೆ ಬಿಟ್ಟದ್ದಲ್ಲ. ಪ್ರತಿ ಒಲೆಗೂ ಎಷ್ಟು ಸಲ ಗುಡಿಸಬೇಕೆಂದು ಜಿಲ್ಲಾ ಚಿಮಣಿ ಅಧಿಕಾರಿ ಬರೆದು ಕೊಡುತ್ತಾರೆ, ಏಳು ವರ್ಷದಲ್ಲಿ ಎರಡು ಸಲ ಬಂದು ನೋಡುತ್ತಾರೆ. ಗುಡಿಸುವ ಕೆಲಸಕ್ಕೆ 2013ರಿಂದ ಅರ್ಹತೆಯಿರುವ ಯಾರನ್ನಾದರೂ ಕರೆಸಬಹುದು. 1995ರಿಂದ 2010ರ ಮಾರ್ಚ್ ನಡುವೆ ಕೂರಿಸಿದ ಬಾಗಿಲಿನ ಒಲೆಗಳು ಘನ ಮೀಟರಿಗೆ 0.15 ಗ್ರಾಂ ಧೂಳು, 4 ಗ್ರಾಂ ಕಾರ್ಬನ್ ಮಾನಾಕ್ಸೈಡ್ ಮಿತಿಯೊಳಗಿವೆ ಎಂದು 2024ರ ಕೊನೆಯೊಳಗೆ ತೋರಿಸಬೇಕಿತ್ತು. ಬಾಡಿಗೆ ಮನೆ ಹಿಡಿಯುವಾಗ ಒಲೆಯ ಈ ಕಾಗದ ಕೇಳಿ ನೋಡಿ.

ಹಂಡೆ ಒಲೆ (ಕೊಪ್ಪ)

ಊರಿನ ಕಡೆಯಿಂದಲೂ ಒಂದು ಮಾತು ಸೇರಿಸುತ್ತೇನೆ. ಕೊಡಗು, ಚಿಕ್ಕಮಗಳೂರಿನ ತೋಟದ ಬಂಗಲೆಗಳಲ್ಲಿ ಅಗ್ಗಿಷ್ಟಿಕೆಗಳಿವೆ. ಮಲೆನಾಡಿನ ಮನೆಮನೆಯಲ್ಲಿ ಬಚ್ಚಲ ಹಂಡೆ ಒಲೆಗೆ ಕೊಳವೆ ಇದೆ. ಇಲ್ಲಿನ ಕಾಯಿಲೆಗೆ ಕಾರಣ ಮಳೆಗಾಲ. ನಾಲ್ಕು ತಿಂಗಳು ತೇವ ಕುಡಿದ ಸೌದೆ, ಅಡಿಕೆ ಸಿಪ್ಪೆ, ತೆಂಗಿನ ಮಟ್ಟೆ ಎಲ್ಲವನ್ನೂ ತುರುಕಿ, ನೀರು ಬಿಸಿಯಾದರೆ ಸಾಕೆಂದು ಮಂದ ಉರಿಯಲ್ಲಿ ಬಿಡುತ್ತೇವೆ. ಹಂಡೆಯ ತಣ್ಣೀರು ಹೊಗೆಯ ಬಿಸಿಯನ್ನೆಲ್ಲ ಹೀರಿಕೊಳ್ಳುತ್ತದೆ, ಕೊಳವೆಗೆ ಹೋಗುವುದು ತಣ್ಣನೆ ಹೊಗೆ. ಕೊಳವೆ ಮಾಡಿನ ಹೊರಗೆ ಬರುವ ಕೀಲಿನಲ್ಲಿ ಕಂದು ರಸ ಇಳಿದು ಗೋಡೆಗೆ ಕಲೆ ಕಟ್ಟಿದ್ದರೆ ಅದೇ ಕ್ರಿಯೋಸೋಟ್.

ಭಾರತೀಯ ವಿಜ್ಞಾನ ಸಂಸ್ಥೆಯ ಅಸ್ತ್ರ ಕೇಂದ್ರದಿಂದ ಬಂದ ಅಸ್ತ್ರ ಒಲೆಯೂ ಕೊಳವೆ ಮಸಿಯಿಂದ ಕಟ್ಟಿಕೊಂಡರೆ ಹಳೆಯ ಮೂರು ಕಲ್ಲಿನ ಒಲೆಯಷ್ಟೇ ಹೊಗೆ ಬಿಡುತ್ತದೆ. ಅದರ ಲಾಭವೆಲ್ಲ ಸೆಳೆತದಲ್ಲಿದೆ. ತಿಂಗಳಿಗೊಮ್ಮೆ ಬಿದಿರ ಗಳಕ್ಕೆ ತೆಂಗಿನ ನಾರು ಬಿಗಿದು ಕಟ್ಟಿ ಮೇಲಿನಿಂದ ಆಡಿಸಿದರೆ ಹುಡಿ ಬೀಳುತ್ತದೆ. ಹಳೆಯ ಕೊಳವೆ ಸಿಮೆಂಟ್ ಶೀಟಿನ ಬಣ್ಣದ್ದಾಗಿದ್ದರೆ ಅದರಲ್ಲಿ ಕಲ್ನಾರು ಇರುವ ಸಾಧ್ಯತೆ ಹೆಚ್ಚು. ಅದಕ್ಕೆ ತಂತಿ ಬ್ರಷ್ ತಾಗಿಸಬೇಡಿ, ಒಡೆಯಬೇಡಿ, ಒಣಗಿದ್ದಾಗ ಕೆರೆಯಬೇಡಿ.

ಸೂರ್ಯಕಾಂತಿ (ನ್ಯೂಜೆರ್ಸಿ)

ಅಂಗಡಿಯಲ್ಲಿ ಸಿಗುವ ‘ಚಿಮಣಿ ಗುಡಿಸುವ ದಿಮ್ಮಿ’ ಸುಟ್ಟರೆ ಬ್ರಷ್ಷೇ ಬೇಡವೇ? ಮತ್ತೆ, ರಾತ್ರಿ ಮಲಗುವಾಗ ಬಿಸಿ ಹೋಗದಿರಲಿ ಎಂದು ಡ್ಯಾಂಪರ್ ಮುಚ್ಚಬಹುದೇ?

ಕೆಂಡಸಂಪಿಗೆ

ದಿಮ್ಮಿಯಿಂದ ಬರುವ ರಾಸಾಯನಿಕ ಹೊಗೆ ಕ್ರಿಯೋಸೋಟನ್ನು ಒಣಗಿಸಿ ಪುಡಿಯಾಗುವಂತೆ ಮಾಡುತ್ತದೆ. ಆ ಪುಡಿಯನ್ನು ತೆಗೆಯುವುದು ಬ್ರಷ್ಷೇ. ಹಕ್ಕಿಗೂಡು, ಸೀಳು, ಸಡಿಲ ಗಾರೆ ಯಾವುದನ್ನೂ ದಿಮ್ಮಿ ನೋಡದು. ಗುಡಿಸುವ ಕೆಲವು ವಾರ ಮೊದಲು ಬಳಸಿದರೆ ಸಹಾಯವಾಗಬಹುದು, ಅಷ್ಟೇ.

ಡ್ಯಾಂಪರ್ ಮುಚ್ಚಬಾರದು. ಜ್ವಾಲೆ ಆರಿದ ಮೇಲೆ ಕೆಂಡದಿಂದ ಬರುವುದೇ ಕಾರ್ಬನ್ ಮಾನಾಕ್ಸೈಡ್, ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಬೂದಿ ಪೂರ್ತಿ ತಣ್ಣಗಾಗುವ ತನಕ ತೆರೆದೇ ಇರಲಿ. ಸಂಜೆ ಕೊನೆಯ ಸೌದೆಯನ್ನು ಮಲಗುವ ಎರಡು ಗಂಟೆ ಮೊದಲೇ ಹಾಕಿ ಮುಗಿಸಿ.

ಊದುಗೊಳವೆ

ಬಾಗಿಲಿನ ಕಬ್ಬಿಣದ ಒಲೆಯವರ ತಪ್ಪೂ ಇದೇ ಜಾತಿಯದು. ರಾತ್ರಿಯಿಡೀ ಉಳಿಯಲಿ ಎಂದು ಒಲೆ ತುಂಬ ಸೌದೆ ಹಾಕಿ ಗಾಳಿಕಿಂಡಿ ಬಿಗಿಯುತ್ತಾರೆ. ಸೌದೆ ಉರಿಯದೆ ಹೊಗೆಯಾಡುತ್ತದೆ, ಬೆಳಗ್ಗೆ ಗಾಜು ಕಪ್ಪಾಗಿರುತ್ತದೆ. ಗಾಜಿನ ಮೇಲಿದ್ದದ್ದೇ ಕೊಳವೆಯಲ್ಲೂ ಇರುತ್ತದೆ. ಒಂಟಿ ಪದರದ ಕೊಳವೆಗೆ ಅಂಟುವ ಆಯಸ್ಕಾಂತದ ತಾಪಮಾಪಕ ಹಾಕಿ. ಮುಳ್ಳು 120ರಿಂದ 245 ಡಿಗ್ರಿ ಸೆಲ್ಸಿಯಸ್ ನಡುವೆ ಇರಬೇಕು. ಕೆಳಗಿಳಿದರೆ ಕ್ರಿಯೋಸೋಟ್, ಮೇಲೇರಿದರೆ ಒಲೆಗೇ ಪೆಟ್ಟು.

ಬಾಗಿಲಿನ ಹಗ್ಗದ ಗ್ಯಾಸ್ಕೆಟ್ ಪರೀಕ್ಷೆ ಸುಲಭ. ಒಂದು ಕಾಗದದ ಪಟ್ಟಿ ಇಟ್ಟು ಬಾಗಿಲು ಮುಚ್ಚಿ ಎಳೆಯಿರಿ. ಸರಾಗವಾಗಿ ಜಾರಿ ಬಂದ ಜಾಗದಲ್ಲಿ ಗಾಳಿ ನುಗ್ಗುತ್ತಿದೆ. ಗಾಜಿಗೆ ದ್ರಾವಣ ಬೇಡ, ಒದ್ದೆ ಕಾಗದಕ್ಕೆ ನುಣುಪು ಬೂದಿ ಮೆತ್ತಿಕೊಂಡು ಒರೆಸಿದರೆ ಸಾಕು.

ಸೂರ್ಯಕಾಂತಿ

ಬೂದಿ ಎಲ್ಲಿ ಹಾಕಬೇಕು? ಕಸದ ಡಬ್ಬಿಗೆ ಮರುದಿನವೇ ಹಾಕಬಹುದೇ?

ಬಾಯ್ಲರ್ ಭಟ್ಟ

ಮರುದಿನ ಖಂಡಿತ ಬೇಡ. ಬೂದಿಯೊಳಗೆ ಹೂತ ಕೆಂಡ ಮೂರು ನಾಲ್ಕು ದಿನವೂ ಜೀವಂತವಾಗಿರುತ್ತದೆ. ಬೂದಿ ಒಳ್ಳೆಯ ಶಾಖನಿರೋಧಕ, ನಮ್ಮ ಅಜ್ಜಿಯಂದಿರು ರಾತ್ರಿ ಕೆಂಡಕ್ಕೆ ಬೂದಿ ಮುಚ್ಚಿ ಬೆಳಗ್ಗೆ ಕೆದಕಿ ಒಲೆ ಹೊತ್ತಿಸುತ್ತಿದ್ದದ್ದು ಅದಕ್ಕೇ. ಮುಚ್ಚಳ ಬಿಗಿಯಾಗಿ ಕೂರುವ ಲೋಹದ ಡಬ್ಬಿಗೆ ತುಂಬಿ, ಮನೆಯಿಂದ 10 ಅಡಿ ದೂರ, ಕಲ್ಲಿನ ಅಥವಾ ಕಾಂಕ್ರೀಟಿನ ಮೇಲಿಡಿ. ಮರದ ಡೆಕ್ ಮೇಲೆ, ಗ್ಯಾರೇಜಿನೊಳಗೆ ಬೇಡ. ಚಳಿಗಾಲದ ನಡುವೆ ಅಗ್ಗಿಷ್ಟಿಕೆಯ ತಳದಲ್ಲಿ ಒಂದಿಂಚು ಬೂದಿ ಉಳಿಸಿದರೆ ಕೆಂಡ ನಿಲ್ಲುತ್ತದೆ. ಏಪ್ರಿಲ್‌ನಲ್ಲಿ ಮಾತ್ರ ಪೂರ್ತಿ ತೆಗೆಯಿರಿ. ತೇವ ತಾಗಿದ ಬೂದಿ ಕ್ಷಾರವಾಗಿ ಡ್ಯಾಂಪರ್, ಜಾಲರಿಯನ್ನು ತಿನ್ನುತ್ತದೆ.

ಮೇಪಲ್‌ಮನೆ

ತೇವಮಾಪಕದಲ್ಲಿ ಸೌದೆ ನೋಡಿದೆ. ಹೊರಮೈ 17, 18 ತೋರಿಸಿತು. ಹಾಗಾದರೆ ಒಣಗಿದೆ ಅಲ್ಲವೇ?

ಊದುಗೊಳವೆ

ಹೊರಮೈ ಸುಳ್ಳು ಹೇಳುತ್ತದೆ. ತುಂಡನ್ನು ಹೊಸದಾಗಿ ಸೀಳಿ, ಸೀಳಿದ ಮುಖದ ನಡುವೆ ಎಳೆಯ ಉದ್ದಕ್ಕೆ ಮುಳ್ಳು ಚುಚ್ಚಿ. ಸೌದೆ ಕೋಣೆಯ ಬಿಸಿಯಲ್ಲಿ ಒಂದು ದಿನ ಇದ್ದಿರಲಿ. ಹೆಪ್ಪುಗಟ್ಟಿದ ಸೌದೆಯ ಓದು ನಂಬಲಾಗದು.

ಮೇಪಲ್‌ಮನೆ

ಸೀಳಿ ನೋಡಿದ ಮೂರು ತುಂಡು: 31, 28, 34.

ಊದುಗೊಳವೆ

ಅಲ್ಲಿದೆ ನಿಮ್ಮ ಹೊಳಪಿನ ಪದರದ ಮೂಲ. ಹಿಂದಿನವರೂ ಇಂಥದ್ದನ್ನೇ ಉರಿಸಿರಬೇಕು. ಈ ಮಾಪಕಗಳು ಸಾಮಾನ್ಯವಾಗಿ ಒಣ ತೂಕಕ್ಕೆ ಹೋಲಿಸಿ ಹೇಳುತ್ತವೆ. 31 ಎಂದರೆ 10 ಕಿಲೋ ಸೌದೆಯಲ್ಲಿ ಸುಮಾರು 2.4 ಕಿಲೋ ನೀರು. 20 ಇದ್ದರೆ 1.7. ಆ ನೀರೆಲ್ಲ ಆವಿಯಾಗಲು ಬೆಂಕಿಯ ಬಿಸಿಯನ್ನೇ ಕದಿಯುತ್ತದೆ, ಹೊಗೆ ತಣ್ಣಗಾಗಿ ಗೋಡೆ ಹಿಡಿಯುತ್ತದೆ. ಈಗ ಎಷ್ಟು ಚೆನ್ನಾಗಿ ಗುಡಿಸಿದರೂ ಇದೇ ಸೌದೆ ಉರಿಸಿದರೆ ಫೆಬ್ರವರಿಗೆ ಮತ್ತೆ ಅದೇ ಪದರ.

ಈ ಚಳಿಗಾಲಕ್ಕೆ ಬಿಸಿಗೂಡಿನಲ್ಲಿ (ಕಿಲ್ನ್) ಒಣಗಿಸಿದ ಸೌದೆಯನ್ನೋ ಅಂಟು ಮೇಣ ಸೇರಿಸದೆ ಒತ್ತಿದ ಮರದ ಪುಡಿಯ ಇಟ್ಟಿಗೆಯನ್ನೋ ಕೊಳ್ಳಿ. ಇಟ್ಟಿಗೆ ಬಿಸಿ ಹೆಚ್ಚು, ಎರಡು ಮೂರಕ್ಕಿಂತ ಒಟ್ಟಿಗೆ ಹಾಕಬೇಡಿ. ಓಕ್ ಸೌದೆಯನ್ನು ಈಗಲೇ 4ರಿಂದ 6 ಇಂಚಿನ ಸೀಳು ಮಾಡಿ, ನೆಲದಿಂದ ನಾಲ್ಕಿಂಚು ಎತ್ತರದ ಅಟ್ಟಣಿಗೆಯ ಮೇಲೆ, ಗಾಳಿ ಬೀಸುವ ಕಡೆ ಒಂದೇ ಸಾಲಾಗಿ ಪೇರಿಸಿ. ಹೊದಿಕೆ ಮೇಲೆ ಮಾತ್ರ ಇರಲಿ. ಪಕ್ಕಗಳನ್ನು ಟಾರ್ಪಾಲಿನಿಂದ ಸುತ್ತಿದರೆ ತೇವ ಒಳಗೇ ಉಳಿದು ಬೂಸಲು ಹಿಡಿಯುತ್ತದೆ. ಮೇಪಲ್, ಬರ್ಚ್ ಆಗಿದ್ದರೆ ಮುಂದಿನ ಅಕ್ಟೋಬರಿಗೆ ಸಿದ್ಧವಾಗುತ್ತಿತ್ತು. ಓಕ್‌ಗೆ ಎರಡು ಬೇಸಿಗೆ ಬೇಕಾಗಬಹುದು. ಪೇರಿಸಿದ ದಿನಾಂಕವನ್ನು ಒಂದು ತುಂಡಿನ ತುದಿಗೆ ಬರೆದಿಡಿ, ಮುಂದಿನ ಶರತ್ಕಾಲದಲ್ಲಿ ನಡುಸಾಲಿನಿಂದ ಒಂದು ತುಂಡು ಎಳೆದು ಸೀಳಿ ಮತ್ತೆ ಚುಚ್ಚಿ ನೋಡಿ.